ಆಚಾರ್ರು ಹಾಕಿದ ಅರ್ಧವಿರಾಮ

ಆಚಾರ್ರ ಎಡಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹುಟ್ಟಿನಿಂದ ಬಂದದ್ದಲ್ಲ. ನಾಗಮಂಗಲದ ಅವರ ಮನೆಯವರು ಕಂಚಿನ ಎರಕ ಹೊಯ್ಯುವವರು. ಎಂಟು ವರ್ಷದವರಿದ್ದಾಗ ಮೂಸೆಯಿಂದ ಸಿಡಿದ ಕಂಚು ಕೈಮೇಲೆ ಬಿದ್ದು, ಗಾಯ ಮಾಯುವಾಗ ಎರಡು ಬೆರಳೂ ಕೂಡಿಕೊಂಡುಬಿಟ್ಟವಂತೆ. ಕೀಬೋರ್ಡಿನ ಅಂಚಿಗೆ ಆ ಜೋಡಿಬೆರಳನ್ನು ಒರಗಿಸಿ, ಉಳಿದ ಬೆರಳುಗಳಲ್ಲಿ ಅವರು ಟೈಪು ಮಾಡುತ್ತಿದ್ದರು. ನಿಧಾನ. ಆದರೆ ಹೊಡೆದದ್ದನ್ನು ಅಳಿಸಿ ಮತ್ತೆ ಹೊಡೆದದ್ದನ್ನು ನಾನು ಕಂಡದ್ದು ಕಡಿಮೆ.

ನಾನು ಡಿಪ್ಲೊಮಾ ಮುಗಿಸಿ ಆರು ತಿಂಗಳು ಮನೆಯಲ್ಲಿ ಕೂತಿದ್ದೆ. ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವ ರಸ್ತೆಯಲ್ಲಿ ಒಂದು ಖಾಸಗಿ ಡೇರಿಯ ಚಿಲ್ಲಿಂಗ್ ಸೆಂಟರು ಇತ್ತು. ಸುತ್ತಲಿನ ಹಳ್ಳಿಗಳ ಹಾಲು ಅಲ್ಲಿಗೆ ಬಂದು, ಕೌಂಟರುಗಳಲ್ಲಿ ತೂಕವಾಗಿ, ಜಿಡ್ಡು ನೋಡಿಸಿಕೊಂಡು, ತಣ್ಣಗಾಗಿ ಟ್ಯಾಂಕರು ಹತ್ತುತ್ತಿತ್ತು. ಅಲ್ಲಿನ ಮ್ಯಾನೇಜರು ನಮ್ಮ ಅವ್ವನ ಕಡೆಯಿಂದ ದೂರದ ನೆಂಟರು. ಅಪ್ಪ ಎರಡು ಸಲ ಹೋಗಿ ಕೈಮುಗಿದು ಬಂದ ಮೇಲೆ ನನಗೆ ಕಂಪ್ಯೂಟರ್ ವಿಭಾಗದಲ್ಲಿ ಕೆಲಸವಾಯಿತು. ವಿಭಾಗ ಎಂದರೆ ಹಿಂದುಗಡೆಯ ಒಂದು ಕೋಣೆ, ಅದರೊಳಗೆ ಒಂದು ಸರ್ವರು, ಅದರ ಮುಂದೆ ಆಚಾರ್ರು. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಎಸ್.ಟಿ.ಡಿ. ಬೂತು ಇಟ್ಟು, ಅದು ಮುಳುಗಿ, ಸೈಬರ್ ಸೆಂಟರು ಇಟ್ಟು, ಅದೂ ಮುಳುಗಿ, ಆ ದಾರಿಯಲ್ಲೇ ಸರ್ವರು ನಡೆಸುವ ಲಿನಕ್ಸ್ ಕಲಿತವರು. ಕಾಗದದ ಮೇಲೆ ನಾನು ಸಿಸ್ಟಂ ಆಪರೇಟರು, ಅವರು ಸಹಾಯಕ. ಬಂದ ಮೊದಲ ದಿನವೇ ಅದನ್ನು ಅವರೇ ನನಗೆ ತಿಳಿಸಿದರು.

"ನೀನು ನನಗಿಂತ ಮೇಲಿನೋಳು ಕಣವ್ವ. ಆದ್ರೆ ಮಿಷನ್ನಿಗೆ ಅದು ಗೊತ್ತಿಲ್ಲ. ಅದು ನೀನು ಹೊಡ್ದಿದ್ದ ಮಾತ್ರ ನೋಡ್ತದೆ."

ಇಸ್ತ್ರಿ ಮಾಡಿದ ಅಂಗಿ ಇಲ್ಲದೆ ಅವರು ಬಂದದ್ದಿಲ್ಲ. ಚಪ್ಪಲಿ ಕೋಣೆಯ ಹೊರಗೆ. ಒಳಗೆ ಬಂದವರೇ ಕೂರದೆ, ನಿಂತೇ ಲಾಗ್ ಓದುವರು. ಲಾಗ್ ಎಂದರೆ ಸರ್ವರು ತನಗೇನಾಯಿತೆಂದು ತಾನೇ ಸಾಲುಸಾಲಾಗಿ ಬರೆದಿಡುವ ದಿನಚರಿ. ಇಂಗ್ಲಿಷಿನ ಆ ಸಾಲುಗಳನ್ನು ಆಚಾರ್ರು ತುಟಿಯಲ್ಲೇ ಕನ್ನಡ ಮಾಡಿಕೊಂಡು ಓದುತ್ತಿದ್ದರು. "ಮೂರನೇ ಕೌಂಟ್ರು ಎದ್ದದೆ... ವಿಳಾಸ ಕೇಳ್ತು... ಕೊಟ್ಟವ್ನೆ..." ಊರಿಂದ ಬಂದ ಕಾಗದವನ್ನು ಮನೆಯ ಹಿರಿಯರು ಓದುವ ಹಾಗೆ. ನನಗೆ ಮೊದಮೊದಲು ನಗು ಬರುತ್ತಿತ್ತು.

ನಗುವುದಕ್ಕೆ ಅವರು ಬಹಳ ದಿನ ಬಿಡಲಿಲ್ಲ. ಬಂದ ತಿಂಗಳಲ್ಲೇ ಒಂದು ದಿನ ಜಿಡ್ಡಿನ ಲೆಕ್ಕ ತೋರಿಸುವ ಸೇವೆ, ಎಂದರೆ ಸರ್ವರಿನೊಳಗೆ ಸದಾ ಓಡುವ ಒಂದು ಪ್ರೋಗ್ರಾಮು, ನಿಂತುಹೋಯಿತು. ಮತ್ತೆ ಶುರು ಮಾಡಿದರೆ ಆಗಲೊಲ್ಲದು. ನಾನು ಕಲಿತ ವಿದ್ಯೆಯ ಪ್ರಕಾರ ಇಡೀ ಸರ್ವರನ್ನೇ ಆಫ್ ಮಾಡಿ ಆನ್ ಮಾಡಲು ಕೈ ಚಾಚಿದೆ. ಆಚಾರ್ರು ನನ್ನ ಮಣಿಕಟ್ಟಿನ ಮೇಲೆ ಪೆನ್ನಿನಿಂದ ಹೊಡೆದರು. ನೋವಾಗುವ ಹಾಗೆಯೇ ಹೊಡೆದರು.

"ಆತುರಗೇಡಿ! ಯಾಕೆ ಏಳ್ತಿಲ್ಲ ಅಂತ ಅದೇ ಯೋಳ್ತಾ ಅದೆ. ಕೇಳಿಸ್ಕೊಳ್ಳೋಕೆ ಮುಂಚೆ ಕತ್ತು ಹಿಚುಕ್ತೀಯಲ್ಲ."

ಆಮೇಲೆ ಕೂರಿಸಿಕೊಂಡು ತೋರಿಸಿದರು. ಸೇವೆ ಸತ್ತಿತ್ತು, ಆದರೆ 'ನಾನು ಓಡುತ್ತಿದ್ದೇನೆ' ಎಂದು ಅದು ಬರೆದಿಟ್ಟ ಪುಟ್ಟ ಫೈಲು ಉಳಿದುಕೊಂಡಿತ್ತು. ಹೊಸದಾಗಿ ಎದ್ದದ್ದು ಆ ಫೈಲನ್ನು ನೋಡಿ, ಯಾರೋ ಆಗಲೇ ಇದ್ದಾರೆಂದು ವಾಪಸು ಹೋಗುತ್ತಿತ್ತು. "ಬಸ್ಸಲ್ಲಿ ಸೀಟಿಗೆ ಟವಲ್ ಹಾಕಿದ್ದ ಆಸಾಮಿ ಇಳ್ದೋಗವ್ನೆ. ಟವಲ್ಲು ಅಲ್ಲೇ ಅದೆ. ಹೊಸಬ ಮರ್ವಾದಸ್ಥ, ನಿಂತ್ಕೊಂಡೇ ಅವ್ನೆ. ಟವಲ್ ತೆಗಿ, ಕೂತ್ಕತಾನೆ." ಆ ಫೈಲನ್ನು ತೆಗೆದರು. ಸೇವೆ ಎದ್ದಿತು. ಮೂರು ವರ್ಷ ತರಗತಿಯಲ್ಲಿ ಅರ್ಥವಾಗದ್ದು ಪಾಂಡವಪುರದ ಬಸ್ಸಿನ ಸೀಟಿನಲ್ಲಿ ಅರ್ಥವಾಯಿತು.

ಅವರಿಗೆ ಇನ್ನೊಂದು ಕಟ್ಟುನಿಟ್ಟಿತ್ತು. ಯಾವುದೇ ಸೇವೆಯ ಸೆಟ್ಟಿಂಗ್ ಫೈಲನ್ನು ತಿದ್ದಿದರೆ, ಸೇವ್ ಮಾಡಿದ ಮೇಲೆ ಪರೀಕ್ಷೆ ಮಾಡದೆ ಕುರ್ಚಿಯಿಂದ ಏಳಬಾರದು. "ಓಡ್ತಾ ಇರೋ ಸೇವೆ ಹಳೇದನ್ನೇ ತಲೇಲಿ ಇಟ್ಕೊಂಡು ಓಡ್ತಿರ್ತದೆ ಕಣವ್ವ. ನೀನು ಫೈಲಲ್ಲಿ ಇವತ್ತು ಮಾಡಿದ ತಪ್ಪು ಇವತ್ತು ಕಾಣಲ್ಲ. ಅದು ನಿಂತು, ತಿರ್ಗಾ ಎದ್ದೇಳೋ ದಿನ ಕಾಣ್ತದೆ. ಅವತ್ತು ಯಾರು ಎಬ್ಬಿಸ್ತಾನೋ ಅವನ ತಲೆ ಮೇಲೆ ಬೀಳ್ತದೆ."

ಈ ಮಾತನ್ನು ನನಗೆ ಎಷ್ಟು ಸಲ ಹೇಳಿದ್ದರೋ. ಕೇಳಿ ಕೇಳಿ ನನಗೆ ಬೇಸರ ಬಂದಿತ್ತು.

ನಾನು ಸೇರಿ ಎರಡು ವರ್ಷವಾಗಿತ್ತು. ಬೇಸಿಗೆ. ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಆಚಾರ್ರು ಎರಡು ದಿನ ರಜೆ ಹಾಕಿ ನಾಗಮಂಗಲಕ್ಕೆ ಹೋಗಿದ್ದರು. ಆಗಲೇ ಮ್ಯಾನೇಜರು ಆರನೇ ಕೌಂಟರು ತೆರೆಯಬೇಕೆಂದು ಗಡಿಬಿಡಿ ಮಾಡಿದರು. ಕೌಂಟರುಗಳ ಕಂಪ್ಯೂಟರುಗಳು ಬೆಳಿಗ್ಗೆ ಎದ್ದ ಕೂಡಲೇ ನೆಟ್‌ವರ್ಕಿನಲ್ಲಿ ತಮ್ಮ ವಿಳಾಸ ಯಾವುದೆಂದು ಸರ್ವರನ್ನು ಕೇಳುತ್ತವೆ. ಸರ್ವರಿನಲ್ಲಿ ವಿಳಾಸ ಹಂಚುವುದಕ್ಕೇ ಒಂದು ಸೇವೆ ಇದೆ. ಅದು ಹಂಚದಿದ್ದರೆ ಕೌಂಟರಿಗೂ ಸರ್ವರಿಗೂ ಮಾತಿಲ್ಲ, ತೂಕದ ಚೀಟಿಯೂ ಇಲ್ಲ. ನಾನು ಆ ಸೇವೆಯ ಫೈಲು ತೆರೆದು ಆರನೇ ಕೌಂಟರಿನ ನಾಲ್ಕು ಸಾಲು ಸೇರಿಸಿದೆ. ಸೇವ್ ಮಾಡಿದೆ. ಹೊರಗಿನಿಂದ ಮ್ಯಾನೇಜರು, "ಆಯ್ತೇನಮ್ಮ?" ಎಂದು ಕೂಗಿದರು. ಆ ಕೌಂಟರಿನ ಕಂಪ್ಯೂಟರು ಹೇಗೋ ಯಾವುದೋ ಒಂದು ವಿಳಾಸ ಪಡೆದು ಕೆಲಸ ಶುರು ಮಾಡಿಯೇಬಿಟ್ಟಿತ್ತು. "ಆಯ್ತು ಸರ್," ಎಂದು ಎದ್ದು ಹೋದೆ. ಪರೀಕ್ಷೆ ಮಾಡಲಿಲ್ಲ. ಆಚಾರ್ರು ಬಂದ ಮೇಲೆ ಹೇಳಲೂ ಇಲ್ಲ. ಹೇಳಿದರೆ ಪರೀಕ್ಷೆ ಮಾಡಿದೆಯಾ ಎಂದು ಕೇಳುತ್ತಾರಲ್ಲ ಎಂದು.

ಮೂರು ವಾರ ಏನೂ ಆಗಲಿಲ್ಲ.

ಆಮೇಲೊಂದು ಬೆಳಗಿನ ಜಾವ ಯು.ಪಿ.ಎಸ್. ಬ್ಯಾಟರಿ ಬದಲಾಯಿಸಲು ಮೈಸೂರಿನಿಂದ ಆಳು ಬಂದ. ಆಚಾರ್ರು ಸರ್ವರನ್ನು ಕ್ರಮವಾಗಿ ನಿಲ್ಲಿಸಿ, ಬ್ಯಾಟರಿ ಹಾಕಿಸಿ, ಮತ್ತೆ ಆನ್ ಮಾಡಿದರು. ಅಷ್ಟರಲ್ಲಿ ಹಳೆಯ ಬ್ಯಾಟರಿಗಳನ್ನು ಆಚೆ ಬಿಡಲು ಸಹಿ ಬೇಕೆಂದು ಗೇಟಿನಿಂದ ಕರೆ ಬಂತು. "ನೋಡ್ಕೊಂಡಿರು, ಸಯಿ ಹಾಕ್ಬುಟ್ಟು ಬತ್ತೀನಿ. ಯಾರೂ ಮುಟ್ಟದು ಬ್ಯಾಡ," ಎಂದು ನನಗೆ ಹೇಳಿ ಹೋದರು.

ಸರ್ವರು ಎದ್ದಿತು. ವಿಳಾಸ ಹಂಚುವ ಸೇವೆ ಮಾತ್ರ ಏಳಲಿಲ್ಲ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಅದು ಸೋತಿದೆ ಎಂದು ಬಂತು. ಮೂರು ವಾರದ ಹಿಂದೆ ಸೇರಿಸಿದ ನಾಲ್ಕು ಸಾಲು ನೆನಪಾದವು. ಆ ಕ್ಷಣವೇ ಫೈಲು ತೆರೆದು ನೋಡಬಹುದಿತ್ತು. ನೋಡುವ ಮೊದಲೇ ಮ್ಯಾನೇಜರು ಎಲೆಕ್ಟ್ರಿಷಿಯನ್ನನನ್ನು ಕರೆದುಕೊಂಡು ಒಳಗೆ ಬಂದರು. ಹೊರಗೆ ಆಗಲೇ ಹಾಲಿನ ಗಾಡಿಗಳು ಸಾಲು ನಿಂತಿದ್ದವು.

"ಕೌಂಟರು ಒಂದೂ ಕೆಲಸ ಮಾಡ್ತಿಲ್ಲ. ಆಫ್ ಮಾಡಿ ಆನ್ ಮಾಡೋ," ಎಂದು ಅವನಿಗೆ ಹೇಳಿದರು.

"ಆಚಾರ್ರು ಬರ್ಲಿ ಸರ್," ಎಂದೆ ನಾನು. ಎಷ್ಟು ಮೆಲ್ಲಗೆ ಎಂದರೆ ನನಗೇ ಸರಿಯಾಗಿ ಕೇಳಿಸಲಿಲ್ಲ.

ಎಲೆಕ್ಟ್ರಿಷಿಯನ್ ಯು.ಪಿ.ಎಸ್.ನಿಂದ ಸರ್ವರಿಗೆ ಬರುವ ಗೋಡೆಯ ಸ್ವಿಚ್ಚನ್ನೇ ಆರಿಸಿದ. ಹಾಕಿದ. ಮತ್ತೆ ಸೋಲು. ಇನ್ನೊಮ್ಮೆ ಆರಿಸಿದ, ಇನ್ನೂ ಒಮ್ಮೆ. ಮೂರನೆಯ ಸಲ ಸರ್ವರು ಪೂರ್ತಿ ಏಳಲೇ ಇಲ್ಲ. ಡಿಸ್ಕಿಗೆ ಪೆಟ್ಟಾಗಿದೆ, ತಪಾಸಣೆ ಮಾಡುತ್ತಿದ್ದೇನೆ ಎಂದು ಬರೆದು ಅಲ್ಲೇ ನಿಂತಿತು.

ಆಚಾರ್ರು ಬಂದು ಪರದೆ ನೋಡಿದರು. "ಯಾರು ಸ್ವಿಚ್ ಆರಿಸಿದ್ದು?"

"ನಾನೇ ಹೇಳಿ ಆರಿಸಿದ್ದು. ಏನೀಗ?" ಎಂದರು ಮ್ಯಾನೇಜರು.

"ಈಗ ಏನ್ ಮಾಡಕಾಯ್ತದೆ ಸಾರ್? ಅದು ಡಿಸ್ಕ್ ಪೂರ್ತಿ ನೋಡಿ ಮುಗಿಸೋ ತಂಕ ಕಾಯ್ಬೇಕು. ಎರಡು ಗಂಟೆ, ಮೂರು ಗಂಟೆ. ಅಲ್ಲೀತಂಕ ಕೈಲಿ ಚೀಟಿ ಬರ್ದು ಹಾಲು ಇಳಿಸ್ಕೊಳ್ಳಿ. ಆಮೇಲೆ ನಾನು ಕೂತು ಏರಿಸ್ತೀನಿ."

"ಕೈಬರಹದ ಚೀಟಿ ಹೆಡ್ಡಾಫೀಸಿನಲ್ಲಿ ಒಪ್ಪಲ್ಲ."

"ಸಾರ್, ಹಾಲು ಕಾಯಲ್ಲ ಸಾರ್."

ಮ್ಯಾನೇಜರು ಒಪ್ಪಲಿಲ್ಲ. ಆಚಾರ್ರು ಎರಡನೆಯ ಸಲ ಕೇಳಿದರು, ಮೂರನೆಯ ಸಲ ಕೈಮುಗಿದು ಕೇಳಿದರು. ಕೊನೆಗೆ ಸರ್ವರಿನ ಮುಂದೆ ಬಂದು ನಿಂತರು. ಪರದೆಯ ಮೇಲೆ ಅಂಕಿ ಒಂದೊಂದಾಗಿ ಏರುತ್ತಿತ್ತು. ಹೊರಗೆ ಬಿಸಿಲು ಏರುತ್ತಿತ್ತು. ಕರೆದು ನಾಲ್ಕೈದು ಗಂಟೆಯಾದ ಹಾಲು, ತಗಡಿನ ಗಾಡಿಗಳ ಮೇಲೆ, ಕ್ಯಾನುಗಳಲ್ಲಿ.

ಹತ್ತು ಗಂಟೆಯ ಹೊತ್ತಿಗೆ ತಪಾಸಣೆ ಮುಗಿದು ಸರ್ವರು ಎದ್ದಿತು. ವಿಳಾಸ ಹಂಚುವ ಸೇವೆ ಆಗಲೂ ಏಳಲಿಲ್ಲ. ಆಚಾರ್ರು ಲಾಗ್ ಓದಿದರು. "ಅರವತ್ತೆರಡನೇ ಸಾಲು ಸರಿಯಿಲ್ಲ ಅಂತದೆ. ಅಂಗಂದ್ರೆ ಅದರ ಹಿಂದಿನ ಸಾಲು ನೋಡ್ಬೇಕು." ಫೈಲು ತೆರೆದರು. ಅರವತ್ತೊಂದನೇ ಸಾಲು ಆರನೇ ಕೌಂಟರಿನದು. ಸಾಲಿನ ತುದಿಯಲ್ಲಿ ಇರಬೇಕಾದ ಸೆಮಿಕೋಲನ್, ಶಾಲೆಯಲ್ಲಿ ಅರ್ಧವಿರಾಮ ಎಂದು ಕಲಿಸುತ್ತಾರಲ್ಲ, ಆ ಚಿಹ್ನೆ ಇರಲಿಲ್ಲ.

ಅದನ್ನು ಹಾಕುವ ಮೊದಲು ಅವರು ಫೈಲಿನಿಂದ ಹೊರಬಂದು, ಅದನ್ನು ಕಡೆಯ ಸಲ ಸೇವ್ ಮಾಡಿದ ತಾರೀಖು ನೋಡಿದರು. ಅವರು ರಜೆಯಲ್ಲಿದ್ದ ದಿನ. ಆ ಕೋಣೆಗೆ ಬಂದು ಫೈಲು ತಿದ್ದಬಲ್ಲವರು ಇಬ್ಬರೇ. ಅವರು ತಿರುಗಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮತ್ತೆ ಫೈಲು ತೆರೆದು, ಆ ಒಂದು ಅರ್ಧವಿರಾಮ ಹಾಕಿ, ಪರೀಕ್ಷೆ ಮಾಡಿ, ಸೇವೆ ಎಬ್ಬಿಸಿದರು. ಆರೂ ಕೌಂಟರು ಒಂದಾದ ಮೇಲೊಂದು ಎದ್ದವು.

ಮೊದಲ ಗಾಡಿಯ ಹಾಲೇ ಪರೀಕ್ಷೆಯಲ್ಲಿ ಬಿತ್ತು. ಒಡೆದಿತ್ತು. ಎರಡನೆಯದೂ ಹಾಗೇ. ಮ್ಯಾನೇಜರು ಎಲ್ಲ ಗಾಡಿಗಳನ್ನೂ ವಾಪಸು ಕಳಿಸಿ ಎಂದರು. ಜನ ವಾಪಸು ಹೋಗಲಿಲ್ಲ. ಗೇಟಿನ ಮುಂದೆಯೇ ಕ್ಯಾನು ಬಗ್ಗಿಸಿದರು. ಹಾಲು ಚರಂಡಿಗೆ ಇಳಿದು, ಚರಂಡಿ ತುಂಬಿ, ರಸ್ತೆಗೆ ಬಂತು. ತೊಣ್ಣೂರಿನ ಪಕ್ಕದ ನಮ್ಮೂರಿನ ಗಾಡಿಯೂ ಅಲ್ಲಿತ್ತು. ಅದರ ಜೊತೆ ಬಂದಿದ್ದವರು ನಮ್ಮ ದೊಡ್ಡಪ್ಪ. ಮೂರು ಹೊತ್ತು ಹಸುವಿನ ಹಿಂದೆಯೇ ಇರುವ ಮನುಷ್ಯ. ಅವರು ಕ್ಯಾನಿನ ಮುಚ್ಚಳ ಎಸೆದು, ಆಚಾರ್ರಿಗೆ ಕೇಳಿಸುವ ಹಾಗೆ ಕೂಗಿದರು: "ಕಂಚು ಕಾಯ್ಸೋರ್ನ ತಂದು ಕಂಪ್ಯೂಟ್ರ ಮುಂದೆ ಕೂರ್ಸುದ್ರೆ ಇನ್ನೇನ್ಲಾ ಆದದು!"

ಸುತ್ತಲಿದ್ದವರು ಹೌದೆಂದರು. ಬಾಗಿಲಲ್ಲಿ ನಿಂತಿದ್ದ ಆಚಾರ್ರು ಅದನ್ನು ಕೇಳಿಸಿಕೊಂಡರು. ಪಕ್ಕದಲ್ಲಿ ನಿಂತಿದ್ದ ನಾನೂ ಕೇಳಿಸಿಕೊಂಡೆ. ನನ್ನನ್ನು ಕಂಡ ದೊಡ್ಡಪ್ಪ, "ನೀನು ಒಳೀಕೋಗು ಮಗ, ಬಿಸ್ಲು," ಎಂದರು.

ಮರುದಿನ ಹೆಡ್ಡಾಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಮ್ಯಾನೇಜರ ಕೋಣೆಯಲ್ಲಿ ನಾವು ನಾಲ್ವರೇ. ಏನಾಯಿತು ಎಂದು ಕೇಳಿದಾಗ ಆಚಾರ್ರು, "ಫೈಲಲ್ಲಿ ಒಂದು ತಪ್ಪಿತ್ತು ಸಾರ್. ಅದು ಹತ್ತು ನಿಮಿಷದ ಕೆಲ್ಸ. ಆದ್ರೆ ನಾನಿಲ್ದಾಗ ಮೂರು ಸಲ ಸ್ವಿಚ್ ಆರಿಸಿದ್ರಿಂದ ಡಿಸ್ಕು ಕೆಡ್ತು," ಎಂದರು. ತಪ್ಪು ಯಾರದೆಂದು ಹೇಳಲಿಲ್ಲ.

"ಸ್ವಿಚ್ ಆರಿಸಿದ್ದೂ ಇವರೇ ಸರ್," ಎಂದರು ಮ್ಯಾನೇಜರು. ಒಂದು ಚೂರೂ ದನಿ ನಡುಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನೀನು ಅಲ್ಲೇ ಇದ್ಯಲ್ಲಮ್ಮ. ಹೌದು ತಾನೆ?" ಎಂದರು.

ಮುಂದಿನ ತಿಂಗಳು ನನ್ನ ಮದುವೆ ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಶ್ರೀರಂಗಪಟ್ಟಣದವರು, ಹುಡುಗಿಗೆ ಕೆಲಸ ಇದೆ ಎಂದೇ ಒಪ್ಪಿದ್ದರು. ಕೆಲಸ ಕೊಡಿಸಿದ್ದು ಈ ಮ್ಯಾನೇಜರು. ಫೈಲಿನ ವಿಚಾರಕ್ಕೆ ಕೈ ಹಾಕಿದರೆ ಆಚಾರ್ರು ನೋಡಿದ ತಾರೀಖು ಹೊರಗೆ ಬರುತ್ತದೆ, ತಾರೀಖು ಬಂದರೆ ನಾನು ಬರುತ್ತೇನೆ. ಇವೆಲ್ಲವನ್ನೂ ಆ ಹೊತ್ತಿನಲ್ಲಿ ಯೋಚಿಸಿದೆನೆಂದು ಹೇಳಿದರೆ ಸುಳ್ಳಾದೀತು. ಯೋಚನೆಗೆ ಮುಂಚೆಯೇ ಬಾಯಿ ಹೇಳಿಬಿಟ್ಟಿತ್ತು.

"ಹೌದು ಸರ್."

ಆಚಾರ್ರನ್ನು ಆ ದಿನವೇ ಕೆಲಸದಿಂದ ಬಿಡಿಸಿದರು. ಅವರು ಸರ್ವರು ಕೋಣೆಗೆ ಬಂದು ತಮ್ಮ ಊಟದ ಡಬ್ಬಿ, ಪೆನ್ನು, ಕನ್ನಡದಲ್ಲಿ ಅಂಚುತುಂಬ ಟಿಪ್ಪಣಿ ಬರೆದಿದ್ದ ಕೈಪಿಡಿ ಎತ್ತಿಕೊಂಡರು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ ಸ್ವಲ್ಪ ಹೊತ್ತು ನಿಂತರು. ನಾನು ಪರದೆ ನೋಡುತ್ತಿದ್ದೆ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಕಿಟಕಿಯಿಂದ ಕಾಣುವ ಹಾಗೆ ಅವರು ಗೇಟು ದಾಟಿ, ಜಕ್ಕನಹಳ್ಳಿ ಮೇಲೆ ಹೋಗುವ ನಾಗಮಂಗಲದ ಬಸ್ಸಿಗೆ ಕಾದರು. ಮುಕ್ಕಾಲು ಗಂಟೆ ಕಾದರು. ಎರಡು ಬಸ್ಸು ಬಂದು ಹೋದವು, ಹತ್ತಲಿಲ್ಲ. ಮೂರನೆಯದಕ್ಕೆ ಹತ್ತಿದರು.

ನನ್ನ ಮದುವೆಯಾಯಿತು. ನಾನೇ ವಿಭಾಗದ ಮುಖ್ಯಸ್ಥೆಯಾದೆ. ಹೊಸ ಸರ್ವರು ಬಂತು, ಬೇರೆ ಕೇಂದ್ರಗಳ ಉಸ್ತುವಾರಿಯೂ ಬಂತು. ಕೆ.ಆರ್.ಪೇಟೆಯ ಕೇಂದ್ರದಲ್ಲಿ ಯಾವುದಾದರೂ ಸೇವೆ ಏಳದಿದ್ದರೆ ಈಗ ನನ್ನನ್ನೇ ಕರೆಸುತ್ತಾರೆ. ಹೋಗುತ್ತೇನೆ, ಲಾಗ್ ಓದುತ್ತೇನೆ, ಎಬ್ಬಿಸುತ್ತೇನೆ. ಮೇಡಂ ಬಹಳ ತಾಳ್ಮೆಯವರು ಎನ್ನುತ್ತಾರೆ. ಆ ತಾಳ್ಮೆ ಯಾರದೆಂದು ನಾನು ಯಾರಿಗೂ ಹೇಳಿಲ್ಲ.

ಆಚಾರ್ರಿಗೆ ಬೇರೆ ಎಲ್ಲೂ ಅಂಥ ಕೆಲಸ ಸಿಗಲಿಲ್ಲ. ಇಡೀ ಸೀಮೆಯ ಹಾಲು ಚೆಲ್ಲಿಸಿದ ಮನುಷ್ಯ ಎಂಬ ಮಾತು ಅವರಿಗಿಂತ ಮುಂಚೆ ಊರು ಸೇರಿತ್ತು. ನಾಗಮಂಗಲದ ಬಸ್ ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ, ಮೂತ್ರಪಿಂಡ ಕೆಟ್ಟು ವಾರಕ್ಕೆರಡು ಸಲ ಮಂಡ್ಯದ ಆಸ್ಪತ್ರೆಗೆ ಹೋಗಿಬರುತ್ತಾರೆ ಎಂದು ನನಗೆ ಗೊತ್ತಾದದ್ದು ನಾಲ್ಕು ವರ್ಷದ ಮೇಲೆ. ಗಂಡನ ಕಡೆಯ ಒಂದು ಮದುವೆಗೆ ನಾಗಮಂಗಲಕ್ಕೆ ಹೋದವಳು, ಊಟಕ್ಕೆ ಕೂರದೆ ಅಂಗಡಿ ಹುಡುಕಿಕೊಂಡು ಹೋದೆ.

ಅವರು ಅರ್ಧವಾಗಿದ್ದರು. ಮುಖ ಊದಿತ್ತು. ಅಂಗಿ ಮಾತ್ರ ಇಸ್ತ್ರಿಯದೇ. ನನ್ನನ್ನು ನೋಡಿ ಗುರುತು ಹಿಡಿದರು. ರೇಷ್ಮೆ ಸೀರೆ, ಒಡವೆ ನೋಡಿದರು. ಸ್ಟೂಲು ತೋರಿಸಿ, "ಕೂತ್ಕೊ," ಎಂದರು.

ನಾನು ಅಳಲು ಶುರು ಮಾಡಿದೆ. ಅವರು ಅಳುವುದಕ್ಕೆ ಬಿಟ್ಟರು. ಮಧ್ಯೆ ಗಿರಾಕಿಯೊಬ್ಬ ಬಂದು ಆಧಾರ್ ಕಾರ್ಡಿನ ಎರಡು ಪ್ರತಿ ಕೇಳಿದ. ಎದ್ದು ಮಾಡಿಕೊಟ್ಟು ಬಂದು ಕೂತರು.

"ಸರ್, ನೀವು ಅವತ್ತು ನನ್ನ ಹೆಸರು ಹೇಳ್ಲಿಲ್ಲ. ಮನಸ್ಸಲ್ಲೇ ಕ್ಷಮಿಸ್ಬಿಟ್ರಿ. ನಾನು..."

"ಯಾರ್ ಯೋಳಿದ್ದು ಕ್ಷಮಿಸ್ದೆ ಅಂತ?"

ನನ್ನ ಅಳು ನಿಂತುಹೋಯಿತು.

"ನಾನು ನಿನ್ನ ಹೆಸ್ರು ಯೋಳ್ಲಿಲ್ಲ, ನೀನೇ ಯೋಳ್ತೀಯ ಅಂತ. ಸೆಮಿಕೋಲನ್ ಬುಟ್ಟಿದ್ದು ತಪ್ಪಲ್ಲ ಕಣವ್ವ. ನಾನೂ ಎಷ್ಟೋ ಬುಟ್ಟಿದ್ದೀನಿ. ಆಮೇಲೆ ಆ ರೂಮಲ್ಲಿ ನೀನು 'ಹೌದು' ಅಂದ್ಯಲ್ಲ, ಅದು. ಅದಾದ ಮೇಲೂ ಕಾದೆ. ಓಡ್ಬಂದಾಳು ಅಂತ ಬಸ್ ಸ್ಟಾಪಲ್ಲೂ ಕಾದೆ."

"ಈಗ ಬರೆದು ಕೊಡ್ತೀನಿ ಸರ್. ಹೆಡ್ಡಾಫೀಸಿಗೇ ಬರೀತೀನಿ. ನಡೆದದ್ದೆಲ್ಲ."

"ಬರಿ," ಎಂದರು. ಬೇಡ ಎನ್ನಲಿಲ್ಲ. ದೊಡ್ಡ ಮನಸ್ಸು ಮಾಡಿ ಇರಲಿ ಬಿಡು ಎನ್ನುತ್ತಾರೆಂದು ನಾನು ಒಳಗೊಳಗೇ ನೆಚ್ಚಿದ್ದೆ. "ಬೇಗ ಬರಿ. ಇಲ್ಲಿ ಈಗ್ಲೂ ಒಬ್ರಲ್ಲ ಒಬ್ರು ಕೇಳ್ತಾರೆ, ಹಾಲು ಚೆಲ್ಸಿದ್ದು ನೀವೇ ಅಲ್ವಾ ಅಂತ. ಅವ್ರಿಗೆ ತೋರ್ಸಕೆ ನಂಗೊಂದು ಕಾಗ್ದ ಬೇಕು."

ಮರುದಿನವೇ ಬರೆಯಲು ಕೂತೆ. ಮೊದಲ ಸಾಲು ಬರೆದು, ಗಂಡನಿಗೆ ಹೇಳಬೇಕಲ್ಲ ಎಂದು ನಿಲ್ಲಿಸಿದೆ. ಅವರಿಗೆ ಹೇಳುವುದಕ್ಕೆ ಒಂದು ತಿಂಗಳು ಹಿಡಿಯಿತು. ಅವರು, "ಯಾಕೆ ಬೇಕು ಈಗ ಇದೆಲ್ಲ?" ಎಂದರು. ಅದಕ್ಕೆ ಇನ್ನೊಂದು ತಿಂಗಳು. ಅಪ್ಪನಿಗೆ ಮುಜುಗರವಾಗುತ್ತದೆ ಎಂದು ಮತ್ತಷ್ಟು ದಿನ. ಕೊನೆಗೆ ಒಂದು ಭಾನುವಾರ ಎರಡು ಪುಟ ಬರೆದು ಮುಗಿಸಿದೆ. ಫೈಲು, ತಾರೀಖು, ಸ್ವಿಚ್ಚು, 'ಹೌದು' ಎಂದದ್ದು, ಯಾವುದನ್ನೂ ಬಿಡಲಿಲ್ಲ. ಸೋಮವಾರ ಮ್ಯಾನೇಜರ ಮೇಜಿನ ಮೇಲೆ ಇಟ್ಟೆ. ಈಗ ಅವರು ನಿವೃತ್ತಿಯ ಅಂಚಿನಲ್ಲಿದ್ದರು. ನಿಧಾನವಾಗಿ ಓದಿ, "ಫೈಲಿಗೆ ಹಾಕಿಸ್ತೀನಿ ಬಿಡಮ್ಮ," ಎಂದು ಡ್ರಾಯರಿನಲ್ಲಿ ಇಟ್ಟುಕೊಂಡರು. ನಾನು ಇನ್ನೊಂದು ಪ್ರತಿಯನ್ನು ಹೆಡ್ಡಾಫೀಸಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ.

ಮೂರನೆಯ ಪ್ರತಿ ಆಚಾರ್ರಿಗೆ. ಅದನ್ನು ಹಿಡಿದು ನಾಗಮಂಗಲದ ಅಂಗಡಿಗೆ ಹೋದಾಗ ಬಾಗಿಲು ಹಾಕಿತ್ತು. ಪಕ್ಕದ ಹೂವಿನವಳು, "ಅವ್ರು ಓಗ್ಬುಟ್ರಲ್ಲವ್ವ, ಇಪ್ಪತ್ತು ದಿನ ಆಯ್ತು," ಎಂದಳು.

ಮನೆ ಹುಡುಕಿದೆ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಯಾರೆಂದು ಹೇಳಿದೆ. ಹೆಸರು ಕೇಳುತ್ತಲೇ ಅವರಿಗೆ ಎಲ್ಲವೂ ಗೊತ್ತೆಂದು ನನಗೆ ಗೊತ್ತಾಯಿತು. ಒಳಗೆ ಕರೆದರು, ಚಾಪೆ ಹಾಸಿದರು. ನಾನು ಕಾಗದ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಎರಡು ಪುಟವನ್ನೂ ಓದಿದರು. ಓದುತ್ತಾ ಒಮ್ಮೆ ಮೇಲಿನಿಂದ ಮತ್ತೆ ಶುರು ಮಾಡಿದರು.

"ಪ್ರತಿಸಲ ಆಸ್ಪತ್ರೆಯಿಂದ ಬಂದಾಗ್ಲೂ ಕೇಳೋರು, ಅಂಚೆಯವ್ನು ಬಂದಿದ್ನಾ ಅಂತ," ಎಂದರು. "ಇದ್ನ ನಾನೀಗ ಯಾರ್ಗೆ ತೋರಿಸ್ಲವ್ವ?"

ಅವರು ಕಾಗದವನ್ನು ಮಡಿಕೆ ಕೆಡದ ಹಾಗೆ ಮಡಚಿ, ನನ್ನ ಕೈಗೇ ವಾಪಸು ಕೊಟ್ಟರು.

"ನೀನೇ ಮಡಗ್ಕೊ."